ಎರಡು ಎಸಿ ಒಂದೇ ಪೈಪಿನಲ್ಲಿ ಹೋಗಬಹುದು, ಗೀಸರ್ ಮಾತ್ರ ಬೇಡ

ನೀವು ಕೇಳಿರೋದು ಇಷ್ಟು: ಬಳ್ಳಾರಿಯಲ್ಲಿ ಮನೆ ಕಟ್ಟಿಸ್ತಿದ್ದೀರಿ, ಮುಂದಿನ ವಾರ ಮೋಲ್ಡ್ (ಛಾವಣಿಗೆ ಕಾಂಕ್ರೀಟ್ ಹಾಕೋದು). ಎರಡು ಬೆಡ್‌ರೂಮಿಗೆ ಒಂದೂವರೆ ಟನ್ನಿನ ಎರಡು ಎಸಿ ಬರುತ್ತೆ. ಆ ಎರಡರ ಜೊತೆ ಗೀಸರ್ ವೈರನ್ನೂ ಸೇರಿಸಿ ಒಂದೇ ಮುಕ್ಕಾಲು ಇಂಚಿನ ಪೈಪಿನಲ್ಲಿ ಎಳೀತೀನಿ ಅಂತ ಎಲೆಕ್ಟ್ರಿಷಿಯನ್ ಹೇಳ್ತಿದ್ದಾರೆ. ದಯವಿಟ್ಟು ಒಪ್ಪಬೇಡಿ. ನಾನು ಹೊಸಪೇಟೆ ಕಡೆ ವೈರಿಂಗ್ ಕೆಲಸ ಮಾಡುವವನು, ಇದರ ಫಲ ಏನು ಅಂತ ಕಣ್ಣಾರೆ ನೋಡಿದ್ದೇನೆ.

ಮೊದಲು ಜಾಗದ ಲೆಕ್ಕ. ಎಸಿಗೆ 4 ಎಂಎಂ ತಾಮ್ರದ ವೈರ್ ಹಾಕಿಸಿ. (ಅಂಗಡಿಯಲ್ಲಿ ಎಂಎಂ ಅಂತಾರೆ, ಅದು 4 ಚದರ ಮಿಲಿಮೀಟರ್.) ಮೇಲಿನ ಹೊದಿಕೆ ಸೇರಿ ಆ ವೈರಿನ ದಪ್ಪ ಸುಮಾರು 4.2 ಮಿ.ಮೀ. ಅಂದರೆ ಒಂದು ವೈರ್ ಹಿಡಿಯುವ ಜಾಗ 14 ಚದರ ಮಿ.ಮೀ. ಒಂದು ಎಸಿಗೆ ಫೇಸ್, ನ್ಯೂಟ್ರಲ್, ಅರ್ಥ್ ಮೂರು. ಎರಡು ಎಸಿಗೆ ಆರು. ಒಟ್ಟು 84.

ಮುಕ್ಕಾಲು ಇಂಚು, ಅಂದರೆ 20 ಎಂಎಂ (ಪೈಪಿಗೆ ಇದು ಹೊರಗಿನ ಅಗಲ, ಮಿಲಿಮೀಟರಿನಲ್ಲೇ) ಪೈಪಿನ ಒಳಗಿನ ಅಗಲ ಸುಮಾರು 16 ಮಿ.ಮೀ. ಒಳಗಿನ ಜಾಗ 200. ಅದರಲ್ಲಿ ನೂರಕ್ಕೆ 40 ಭಾಗ ಮಾತ್ರ ತುಂಬಬೇಕು, ಅಂದರೆ 80. ಎರಡು ಎಸಿಗೇ ಅದು ಬಿಗಿ. ಗೀಸರಿನ ಮೂರೂ ಸೇರಿಸಿ ಒಂಬತ್ತು ವೈರ್ ತುರುಕಿದರೆ 126 ಆಗುತ್ತೆ, ಅರ್ಧಕ್ಕಿಂತ ಜಾಸ್ತಿ ತುಂಬಿಹೋಗುತ್ತೆ. ಎಳೆಯುವಾಗಲೇ ಬೆಂಡಿನಲ್ಲಿ ಹೊದಿಕೆ ಕೆರೆದು ಹೋಗುತ್ತೆ, ಅದು ಯಾರ ಕಣ್ಣಿಗೂ ಬೀಳಲ್ಲ.

ಒಂದಿಂಚಿನ 25 ಎಂಎಂ ಪೈಪಿಗೆ ಬನ್ನಿ. ಒಳಗೆ ಸುಮಾರು 21 ಮಿ.ಮೀ. ಇರುತ್ತೆ, ನೂರಕ್ಕೆ 40ರ ಲೆಕ್ಕದಲ್ಲಿ 138 ಸಿಗುತ್ತೆ. ಹಾಗಾದರೆ ಇದರಲ್ಲಿ ಒಂಬತ್ತೂ ಹಿಡಿಸುತ್ತಲ್ಲ ಅಂತೀರಿ. ಹಿಡಿಸುತ್ತೆ. ಆದರೆ ಪೈಪಿನ ವಿಷಯದಲ್ಲಿ ಜಾಗಕ್ಕಿಂತ ದೊಡ್ಡ ಪ್ರಶ್ನೆ ಬಿಸಿ.

4 ಎಂಎಂ ವೈರ್ ಪೈಪಿನೊಳಗೆ ಒಂದೇ ಸರ್ಕ್ಯೂಟ್ (ಒಂದು ಎಸಿಯ ಅಥವಾ ಗೀಸರಿನ ಲೈನ್) ಆಗಿದ್ದು, ಸುತ್ತ 30 ಡಿಗ್ರಿ ಇದ್ದರೆ ಸುಮಾರು 32 ಆಂಪ್ ತಡೆಯುತ್ತೆ. 40 ಡಿಗ್ರಿಗೆ ಅದು 28ರ ಹತ್ತಿರ ಇಳಿಯುತ್ತೆ. ಪಕ್ಕದಲ್ಲಿ ಇನ್ನೊಂದು ಸರ್ಕ್ಯೂಟ್ ಓಡುತ್ತಿದ್ದರೆ ನೂರಕ್ಕೆ 80 ಮಾತ್ರ, ಅಂದರೆ 22. ಮೂರನೆಯದೂ ಬಂದರೆ ನೂರಕ್ಕೆ 70, ಅಂದರೆ 19 ಚಿಲ್ಲರೆ. 20 ಆಂಪಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿದ್ದರೆ ಅದು ಬೀಳುವ ಮೊದಲೇ ವೈರ್ ತನ್ನ ಮಿತಿ ದಾಟಿರುತ್ತೆ. ಅದೂ ಬಳ್ಳಾರಿ ಮೇ ತಿಂಗಳ ಬಿಸಿಲಲ್ಲಿ ಆರ್‌ಸಿಸಿ ಒಳಗೆ 40 ಡಿಗ್ರಿಯಲ್ಲೇ ನಿಲ್ಲುತ್ತಾ? ಅದಕ್ಕೇ ನಾನು ನಮ್ಮ ಕಡೆ ಸಾಮಾನ್ಯ ಒಂದೂವರೆ ಟನ್ನಿನ ಇನ್ವರ್ಟರ್ ಎಸಿಗೆ 16 ಆಂಪಿನ ಸಿ-ಕರ್ವ್ ಎಂಸಿಬಿ (ಶುರುವಾಗುವಾಗ ಕ್ಷಣಕಾಲ ಕರೆಂಟ್ ಏರಿದರೂ ಬೀಳದ ಬಗೆ) ಹಾಕುತ್ತೇನೆ. ಅಂಥ ಎಸಿ ಓಡುವಾಗ ಎಳೆಯೋದು 7–8 ಆಂಪ್ ಅಷ್ಟೇ. ನಿಮ್ಮ ಎಸಿಯ ಪುಸ್ತಕ ಒಮ್ಮೆ ನೋಡಿ.

ಕೆಲವು ವರ್ಷದ ಹಿಂದೆ ಒಂದು ಮನೆಗೆ ಹೋಗಿದ್ದೆ. ಮಧ್ಯಾಹ್ನ ಆದರೆ ಸಾಕು, ಮಹಡಿಯ ಎಸಿ ಆಫ್ ಆಗ್ತಿತ್ತು. ಜಂಕ್ಷನ್ ಬಾಕ್ಸ್ ಬಿಚ್ಚಿದರೆ ಮುಕ್ಕಾಲು ಇಂಚಿನ ಪೈಪಿನಿಂದ ಹನ್ನೊಂದು ವೈರ್ ಹೊರಗೆ ಬಂದಿದ್ದವು, ಎಲ್ಲ 2.5 ಎಂಎಂ. ಒಂದನ್ನ ಹಿಡಿದು ಎಳೆದೆ, ಅಲ್ಲಾಡಲಿಲ್ಲ. ಕೆಂಪು ವೈರಿನ ಹೊದಿಕೆ ಮೆತ್ತಗಾಗಿ ಪಕ್ಕದ ಕಪ್ಪು ವೈರಿಗೆ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಬಿಡಿಸಿದ ಕಡೆ ತಾಮ್ರ ಕಾಣ್ತಿತ್ತು. ಹಳೆ ವೈರ್ ಹೊರಗೆ ಬರಲೇ ಇಲ್ಲ. ಬಣ್ಣ ಹೊಡೆದು ಎರಡು ತಿಂಗಳಾಗಿದ್ದ ಗೋಡೆ ಮೇಲೆ ಕೇಸಿಂಗ್ ಪಟ್ಟಿ ಹೊಡೆದು ಹೊಸ ಲೈನ್ ಕೊಡಬೇಕಾಯಿತು. ಆ ಮನೆಯ ಅಮ್ಮ ಏನೂ ಮಾತಾಡದೆ ಗೋಡೆ ನೋಡ್ತಾ ನಿಂತಿದ್ದರು. ಅದು ಈಗಲೂ ನೆನಪಾಗುತ್ತೆ.

ಹಾಗಾಗಿ ಎರಡು ಎಸಿಗೆ ಒಂದು 25 ಎಂಎಂ ಪೈಪ್, ಗೀಸರಿಗೆ ಬೇರೆ 20 ಎಂಎಂ ಪೈಪ್. ಕೈಯಲ್ಲಿ ಒಂದಿಷ್ಟು ದುಡ್ಡಿದ್ದರೆ ಎಸಿಗೂ ಒಂದೊಂದು ಬೇರೆ ಪೈಪ್ ಹಾಕಿಸಿ. ಮೋಲ್ಡ್ ಆದಮೇಲೆ ಪೈಪ್ ಬದಲಿಸೋಕೆ ಆಗಲ್ಲ, ಅಲ್ವಾ?

ಪೈಪ್ ಹಂಚಿಕೊಂಡರೂ ನ್ಯೂಟ್ರಲ್ ಹಂಚಿಕೊಳ್ಳಬೇಡಿ. "ಒಂದು ನ್ಯೂಟ್ರಲ್ ಸಾಕು ಸಾರ್" ಅಂತ ಹೇಳಬಹುದು. ಎರಡೂ ಎಸಿ ಒಂದೇ ಫೇಸಿನಲ್ಲಿದ್ದರೆ ಎರಡರ ಕರೆಂಟೂ ಆ ಒಂದೇ ವೈರಿನಲ್ಲಿ ವಾಪಸ್ ಬರುತ್ತೆ, ಅದನ್ನ ಕಾಯೋಕೆ ಎಂಸಿಬಿ ಇರಲ್ಲ. ಡಿಬಿಯಿಂದಲೇ (ಎಂಸಿಬಿಗಳಿರುವ ಪೆಟ್ಟಿಗೆ) ಪ್ರತಿ ಎಸಿಗೆ ಅದರದೇ ಫೇಸ್, ಅದರದೇ ನ್ಯೂಟ್ರಲ್ ಇರಲಿ. ಟಿವಿ, ಇಂಟರ್ನೆಟ್ ಕೇಬಲ್ ಈ ಪೈಪಿನೊಳಗೆ ಹೋಗಲೇಬಾರದು.

ಒಳಗಿನ ಯೂನಿಟ್ಟಿನಿಂದ ಹೊರಗಿನದಕ್ಕೆ ಹೋಗುವ ಕೇಬಲ್ ಎಸಿ ಗ್ಯಾಸಿನ ತಾಮ್ರದ ಪೈಪಿನ ಜೊತೆ ಟೇಪ್ ಸುತ್ತಿಕೊಂಡು ಹೋಗುತ್ತೆ. ಅದನ್ನ ಎಸಿ ಹಾಕುವವರು ನೋಡ್ಕೊಳ್ತಾರೆ. ನೀರು ಹೋಗುವ ಡ್ರೈನ್ ಪೈಪಿಗೆ ಇಳಿಜಾರು ಇದೆಯಾ ಅಂತ ನೀವು ನೋಡಿ.

ಎರಡು ಬಾಕ್ಸ್ ನಡುವೆ ಎರಡಕ್ಕಿಂತ ಜಾಸ್ತಿ ಬೆಂಡ್ ಬೇಡ. ಚೂಪು ಎಲ್ಬೋ ಹಾಕಿದ್ದರೆ ತೆಗೆಸಿ ಉದ್ದ ಬೆಂಡ್ ಹಾಕಿಸಿ. ಕಾಂಕ್ರೀಟ್ ಸುರಿಯುವ ದಿನ ಬೆಳಿಗ್ಗೆ ನೀವೇ ಸೆಂಟ್ರಿಂಗ್ ಹತ್ತಿ, ಪ್ರತಿ ಜಾಯಿಂಟಿಗೂ ಸೊಲ್ಯೂಷನ್ ಹಚ್ಚಿದ್ದಾರಾ, ಪೈಪಿನ ಬಾಯಿ ಮುಚ್ಚಿದ್ದಾರಾ ಅಂತ ಒಂದೊಂದನ್ನೂ ಕೈಯಿಂದ ಅಲ್ಲಾಡಿಸಿ ನೋಡಿ. ವೈಬ್ರೇಟರ್ ತಗುಲಿ ಒಂದು ಜಾಯಿಂಟ್ ಬಿಟ್ಟುಕೊಂಡರೂ ಸಿಮೆಂಟ್ ಹಾಲು ಒಳಗೆ ಹೋಗಿ ಗಟ್ಟಿಯಾಗುತ್ತೆ.