ಸಹಿ ಹಾಕದ ಅಪ್ಪ

(ಗುರುತು ಸಿಗಬಾರದು ಅಂತ ಊರು, ಕೆಲಸ, ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ನನ್ನ ಹತ್ತಿರ ಆಪ್ತಸಲಹೆಗೆ ಬಂದವರು ನಲವತ್ತು ದಾಟಿದ ಗಂಡಸು. ಧಾರವಾಡದ ಕಡೆಯ ಹಳ್ಳಿ. ಸ್ವಲ್ಪ ಹೊಲ, ಜೊತೆಗೆ ಬೀಜ-ಗೊಬ್ಬರದ ಅಂಗಡಿ. ಕರೆದುಕೊಂಡು ಬಂದದ್ದು ಹೆಂಡತಿ. "ಮೂರ ತಿಂಗಳಾತ್ರಿ, ನಿದ್ದಿ ಇಲ್ಲ. ರಾತ್ರಿ ಎರಡಕ್ಕ ಎದ್ದು ಕಟ್ಟಿ ಮ್ಯಾಲ ಕುಂದರ್ತಾರ" ಅಂದರು. ಇವರು ಸುಮ್ಮನೆ ನೆಲ ನೋಡುತ್ತಿದ್ದರು.

ಮಗನಿಗೆ ಹದಿನೇಳೂವರೆ. ಸೇನೆ ಸೇರಿ ಅಗ್ನಿವೀರ ಆಗಬೇಕು ಅಂತ ಹಟ ಹಿಡಿದಿದ್ದಾನೆ. ಬೆಳಗ್ಗೆ ಐದಕ್ಕೆ ಎದ್ದು ಕಾಲುವೆ ರಸ್ತೆಯಲ್ಲಿ 1.6 ಕಿಲೋಮೀಟರ್ ಓಟ, ಆಮೇಲೆ ಬೇವಿನ ಕೊಂಬೆಗೆ ಜೋತುಬಿದ್ದು ಪುಲ್‌ಅಪ್. ಹದಿನೆಂಟು ತುಂಬದ ಹುಡುಗ ಸೇರಬೇಕಾದರೆ ಹೆತ್ತವರ ಸಹಿ ಬೇಕು. ಆ ಕಾಗದ ಅಪ್ಪನ ಬೀರುವಿನಲ್ಲಿದೆ. ಬೇಡ ಅನ್ನುವುದಿಲ್ಲ, ಹಾಕುವುದೂ ಇಲ್ಲ. ದಿನಾ "ನಾಳಿ ನೋಡೂಣು."

ಆ ಮನೆಯಲ್ಲಿ ಒಂದು ಫೋಟೊ ಇದೆ. ಇವರ ಅಣ್ಣ. ಸೈನಿಕನಾಗಿದ್ದ. 1999ರ ಜುಲೈ ಮೊದಲ ವಾರ, ಕಾರ್ಗಿಲ್ ಯುದ್ಧದಲ್ಲಿ, ದ್ರಾಸ್ ಕಡೆ ಶೆಲ್ ಬಿದ್ದು ತೀರಿಕೊಂಡ. ವಯಸ್ಸು ಇಪ್ಪತ್ತೆರಡು.

ಇಲ್ಲಿ ನಾನು ಎಡವಿದೆ. "ಮಗನಿಗೂ ಹಾಗೇ ಆದೀತು ಅಂತ ಭಯ, ಅಲ್ವಾ?" ಅಂತ ಕೇಳಿಬಿಟ್ಟೆ. ಮೊದಲ ಸಲ ತಲೆಯೆತ್ತಿ ನೋಡಿದರು. "ಅಂಜಿಕಿ ಅಲ್ರೀ ಮೇಡಂ. ಬ್ಯಾಡ ಅನ್ನಾಕ ನನಗೇನ್ ಹಕ್ಕ ಐತಿ? ಅಣ್ಣಗ ಒಂದ್ ಕಾಗದ ನೆಟ್ಟಗ ಬರೀಲಿಲ್ಲ ನಾ."

ಕಾಗದದ ಕತೆ ಹೊರಬರಲು ಇನ್ನೊಂದು ಭೇಟಿ ಬೇಕಾಯಿತು. ಆಗ ಇವರಿಗೆ ಹದಿನಾಲ್ಕು. ಅವ್ವನಿಗೆ ಓದು ಬರಹ ಬಾರದು. ಅವಳು ಹೇಳಬೇಕು, ಇವರು ನೀಲಿ ಇನ್‌ಲ್ಯಾಂಡ್‌ನಲ್ಲಿ ಬರೆಯಬೇಕು, ಕೆಳಗೆ ಸೇನೆಯ ಅಂಚೆ ಕಚೇರಿಯ, 56 ಎ.ಪಿ.ಒ. ವಿಳಾಸ. ಆ ಸಲ ಅವ್ವ ಹೇಳಿದ್ದು ಇಷ್ಟೇ: "ಅಲ್ಲಿ ಥಂಡಿ ಭಾಳಂತ, ಎದಿಗೆ ಬೆಚ್ಚಗ ಹಾಕ್ಕೋ. ಪಂಚಮಿಗೆ ರಜಾ ಸಿಕ್ರ ಬಾ, ಉಂಡಿ ಮಾಡಿ ಇಟ್ಟಿರ್ತೀನಿ." ಆದರೆ ಹಿಂದಿನ ದಿನ, ಜೂನ್ 8ಕ್ಕೆ, ಮ್ಯಾಂಚೆಸ್ಟರ್‌ನಲ್ಲಿ ವಿಶ್ವಕಪ್ ಪಂದ್ಯ. ಅತ್ತ ಕಾರ್ಗಿಲ್‌ನಲ್ಲಿ ಯುದ್ಧ, ಇತ್ತ ಅದೇ ಪಾಕಿಸ್ತಾನದ ಜೊತೆ ಕ್ರಿಕೆಟ್! ನಮ್ಮ ವೆಂಕಟೇಶ್ ಪ್ರಸಾದ್ 27 ರನ್ ಕೊಟ್ಟು ಐದು ವಿಕೆಟ್ ಕಿತ್ತಿದ್ದರು. ಭಾರತ 47 ರನ್‌ಗಳಿಂದ ಗೆದ್ದಿತ್ತು. ಹುಡುಗ ಪಕ್ಕದ ಮನೆಯ ಟಿವಿಯಲ್ಲಿ ಕಂಡದ್ದನ್ನೆಲ್ಲ ಬರೆದ. ಒಂದೊಂದು ವಿಕೆಟ್ಟೂ ಬಂತು. ಕೊನೆಗೆ ಮಡಿಕೆಯ ಅಂಚಿನಲ್ಲಿ ಜಾಗ ಉಳಿದದ್ದು ಒಂದೇ ಸಾಲಿಗೆ. "ಅವ್ವ ಆರಾಮ್ ಅದಾಳ" ಅಂತ ಗೀಚಿ ಅಂಟಿಸಿದ. ಥಂಡಿ, ಪಂಚಮಿ, ಉಂಡಿ ಯಾವುದೂ ಹೋಗಲಿಲ್ಲ.

ಆಮೇಲೆ ಪೆಟ್ಟಿಗೆ ಬಂತು. 1965ರಲ್ಲಿ, 1971ರಲ್ಲಿ ಸತ್ತ ಸೈನಿಕರಿಗೆ ಹೆಚ್ಚಾಗಿ ಅಲ್ಲೇ ಸಂಸ್ಕಾರ ಆಗುತ್ತಿತ್ತು. ಕಾರ್ಗಿಲ್ ಹೊತ್ತಿಗೆ ದೇಹ ಊರಿಗೆ ಕಳಿಸಲು ಶುರು ಮಾಡಿದರು. ಅದು ಒಳ್ಳೆಯದೇ. ಆದರೆ ಊರಿಗೆ ಊರೇ ಸೇರಿ ಅತ್ತಾಗ ಮನೆಯವರಿಗೆ ಅಳಲು ಜಾಗ ಉಳಿಯುವುದಿಲ್ಲ. ಇದನ್ನು ನಾನು ಬೇರೆ ಮನೆಗಳಲ್ಲೂ ನೋಡಿದ್ದೇನೆ. ಇವರನ್ನು ಶಾಲೆಯ ಸಮವಸ್ತ್ರದಲ್ಲಿ ಸಾಲಿನ ಮುಂದೆ ನಿಲ್ಲಿಸಿದ್ದರು. ಇಂದಿಗೂ ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿವಸದಂದು, ಅವ್ವನನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ.

ಕೆಲವು ವಾರದ ನಂತರ ಕರಿ ಟ್ರಂಕ್ ಬಂತು, ಬಿಳಿ ಬಣ್ಣದಲ್ಲಿ ನಂಬರ್ ಬರೆದದ್ದು. ಒಳಗೆ ಎರಡು ಅಂಗಿ, ಬೂಟ್ ಪಾಲಿಶ್ ಡಬ್ಬಿ, ಅರ್ಧ ಬಾಟಲಿ ಕೊಬ್ಬರಿ ಎಣ್ಣೆ, ಕಾಗದಗಳ ಕಟ್ಟು. ಮೇಲೇ ಇತ್ತಂತೆ ಆ ಇನ್‌ಲ್ಯಾಂಡ್. ಹುಡುಗ ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡ. ಯಾರಿಗೂ ಹೇಳಲಿಲ್ಲ.

"ಒಡೆದಿತ್ತೋ, ಅಂಟಿಸಿದ ಹಾಗೇ ಇತ್ತೋ?" ಅಂತ ಕೇಳಿದೆ.

ತುಂಬ ಹೊತ್ತು ಯೋಚಿಸಿದರು. "ಒಡದಿತ್ರೀ. ಮೂಲ್ಯಾಗ ಚಹಾದ ಕಲಿ ಇತ್ತು."

ಆ ಗುಡ್ಡದ ಕೆಳಗೆ ಕೂತು ಚಹಾ ಕುಡಿಯುತ್ತ ಪ್ರಸಾದ್ ವಿಕೆಟ್ ಕಿತ್ತ ಕತೆ ಓದಿದ ಹುಡುಗನಿಗೆ ಏನನ್ನಿಸಿತೋ, ನನಗೆ ಗೊತ್ತಿಲ್ಲ. ಸಮಾಧಾನಕ್ಕೆ ಏನಾದರೂ ಹೇಳಿಬಿಡುವುದು ಸುಲಭ. ಹೇಳಲಿಲ್ಲ. ಅವರು ಅತ್ತರು. ಹೆಂಡತಿ ಹೊರಗೆ ಹೋಗಿ ಕೂತರು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಮೊದಲು, ಕಾಗದದ ಸಂಗತಿ ಅವ್ವನಿಗೆ ಹೇಳಿ. ಅವರಿಗೆ ಎಪ್ಪತ್ತು ದಾಟಿದೆ, ಕಾಯುವುದು ಬೇಡ. ಎರಡನೆಯದು, ಅಣ್ಣನ ಸಾವನ್ನೂ ಮಗನ ಅರ್ಜಿಯನ್ನೂ ಒಂದೇ ಗಂಟಿಗೆ ಕಟ್ಟಬೇಡಿ. "ದೊಡ್ಡಪ್ಪನ ಹಂಗ ಆಗು" ಅನ್ನುವುದೂ ಬೇಡ, "ದೊಡ್ಡಪ್ಪನ ಹಂಗ ಆಕ್ಕೈತಿ" ಅನ್ನುವುದೂ ಬೇಡ. ಕೆಲಸದ ಮಾತು ಕೆಲಸದ ಹಾಗೆ ಆಡಿ: ನಾಲ್ಕು ವರ್ಷದ ಸೇವೆ, ಆಮೇಲೆ ಉಳಿಸಿಕೊಳ್ಳುವುದು ನೂರಕ್ಕೆ ಇಪ್ಪತ್ತೈದು ಜನರವರೆಗೆ ಮಾತ್ರ, ಉಳಿದವರಿಗೆ ಪಿಂಚಣಿ ಇಲ್ಲ. ಹೊರಬಂದ ಮೇಲೆ ಏನು ಮಾಡುತ್ತಾನೆ ಅಂತ ಅವನನ್ನೇ ಕೇಳಿ. ಮಗನಿಗೆ ಫೋಟೊದಲ್ಲಿರುವ ದೊಡ್ಡಪ್ಪ ಮಾತ್ರ ಗೊತ್ತು. ಗೋಲಿ ಆಟದಲ್ಲಿ ಮೋಸ ಮಾಡುತ್ತಿದ್ದ ಅಣ್ಣನ ಬಗ್ಗೆಯೂ ಹೇಳಿ. ನಿದ್ದೆಗೆ ವೈದ್ಯರ ಹತ್ತಿರ ಕಳಿಸಿದೆ. ರಾತ್ರಿ ಮನಸ್ಸು ತೀರಾ ಕೆಟ್ಟರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ.

ಮುಂದಿನ ಸಲ ಬಂದಾಗ ಮುಖದಲ್ಲಿ ನಾಚಿಕೆಯಂಥ ನಗು. ಅವ್ವನಿಗೆ ಹೇಳಿದ್ದರು. ಅವಳು ಕಾಳು ಹಸನು ಮಾಡುವುದು ನಿಲ್ಲಿಸಲೇ ಇಲ್ಲವಂತೆ. "ನಾ ಹೇಳಿದ್ದ ಎರಡ ಮಾತು. ನೀ ಬರದದ್ದು ಕಾಗದದ ತುಂಬ. ನನಗ ಆವತ್ತ ಗೊತ್ತಾಗಿತ್ತ ಬಿಡು" ಅಂದಳಂತೆ. ಸ್ವಲ್ಪ ಹೊತ್ತು ಬಿಟ್ಟು, "ಏನ್ ಬರದಿದ್ದಿ?" ಅಂತ ಕೇಳಿದಳಂತೆ. ಇವರು ಟ್ರಂಕ್‌ನಿಂದ ತಂದು ಓದಿ ಹೇಳಿದರು, ಐದೂ ವಿಕೆಟ್.

ಅಷ್ಟರಲ್ಲಿ ಮಗನಿಗೆ ಹದಿನೆಂಟು ತುಂಬಿತ್ತು. ಸಹಿಯ ಅಗತ್ಯ ಇರಲಿಲ್ಲ. ಆದರೂ ಅವನು ಕಾಗದ ಅಪ್ಪನ ಮುಂದೆ ಇಟ್ಟಿದ್ದಾನೆ. ಮಾತು ಇನ್ನೂ ನಡೆದಿದೆ, ಜಗಳವೂ ಇದೆ. ನಿದ್ದೆ ಹೆಚ್ಚುಕಡಿಮೆ ಸರಿಹೋಗಿದೆ. ಜುಲೈ ಮಾತ್ರ ಕಷ್ಟ ಅನ್ನುತ್ತಾರೆ. ಆ ತಿಂಗಳ ಮೊದಲ ವಾರಕ್ಕೆ ಈಗಲೇ ಒಂದು ದಿನ ಗೊತ್ತು ಮಾಡಿಕೊಂಡಿದ್ದೇವೆ.