ಹಲ್ಲೆಲೂಯಾ ಯಾವ ವರ್ಷನ್ ಕಲಿಸೋದು ಅಂತ ಕೇಳಿದ ಅಕ್ಕನಿಗೆ

ಅಕ್ಕ, ಮಗಳು ಕಸಿನ್‌ನ ರೆಸೆಪ್ಷನ್‌ನಲ್ಲಿ ಹಲ್ಲೆಲೂಯಾ ಅನ್ನುವ ಇಂಗ್ಲಿಷ್ ಹಾಡು ಹಾಡ್ತಾಳೆ, ಅವಳ ತಮ್ಮ ಗಿಟಾರ್ ಹಿಡೀತಾನೆ, ಯೂಟ್ಯೂಬಲ್ಲಿ ರಾಶಿ ವರ್ಷನ್ ಉಂಟು, ಒರಿಜಿನಲ್ ಯಾವುದು, ಯಾವುದನ್ನು ಕಲಿಸ್ಲಿ, ಇಗರ್ಜಿಯಲ್ಲೂ (ಚರ್ಚ್‌ನಲ್ಲೂ) ಹಾಡಬಹುದಾ ಅಂತ ಕೇಳಿದ್ರಲ್ಲ. ನನ್ನ ಪ್ರಕಾರ ಯಾವ ವರ್ಷನ್ ಅನ್ನೋದು ಆಮೇಲೆ. ಮೊದ್ಲು ಮಗಳ ಸ್ವರಕ್ಕೆ ಶ್ರುತಿ ನೋಡಿ, ಮತ್ತೆ ಯಾವ ಚರಣ ಹಾಡೋದು ಅಂತ ನೋಡಿ. ಈ ಹಾಡನ್ನು ದೊಡ್ಡ ದೊಡ್ಡವರು ಹಾಡಿದ್ದೂ ಹಾಗೇ.

ಬರ್ದು ಮೊದ್ಲು ಹಾಡಿದ್ದು ಕೆನಡಾದ ಲಿಯೊನಾರ್ಡ್ ಕೊಹೆನ್, 1984ರ ವೇರಿಯಸ್ ಪೊಸಿಷನ್ಸ್ ಆಲ್ಬಂನಲ್ಲಿ. ನಾಲ್ಕೇ ಚರಣ, ತಗ್ಗಿನ ಗಂಡು ಸ್ವರ, ಹಿಂದೆ ಕ್ವಾಯರ್. ಆಗ ಯಾರೂ ಅಷ್ಟು ಗಮನ ಕೊಡ್ಲಿಲ್ಲ. 1991ರಲ್ಲಿ ವೇಲ್ಸ್‌ನ ಗಾಯಕ ಜಾನ್ ಕೇಲ್ ಇದನ್ನು ಹಾಡ್ಲಿಕ್ಕೆ ಸಾಹಿತ್ಯ ಕೇಳಿದ್ರೆ ಕೊಹೆನ್ ಫ್ಯಾಕ್ಸಲ್ಲಿ 15 ಪುಟ ಕಳಿಸಿದ್ರಂತೆ, ಅದ್ರಲ್ಲಿ ಬೇಕಾದ್ದನ್ನು ಹೆಕ್ಕಿ ಬರೀ ಪಿಯಾನೊ ಇಟ್ಕೊಂಡು ಹಾಡಿದ್ರು ಕೇಲ್. ಅದನ್ನು ಕೇಳಿ ಅಮೆರಿಕದ ಗಾಯಕ ಜೆಫ್ ಬಕ್ಲಿ 1994ರ ಗ್ರೇಸ್ ಆಲ್ಬಂನಲ್ಲಿ ಹಾಡಿದ್ದು, ಅದು ಎಲೆಕ್ಟ್ರಿಕ್ ಗಿಟಾರ್, ಅಕೂಸ್ಟಿಕ್ ಅಲ್ಲ. ಶ್ರೆಕ್ ಸಿನಿಮಾದಲ್ಲಿ ಬರೋದು ಕೇಲ್ ಸ್ವರ, ಅದೇ ಸಿನಿಮಾದ ಸಿಡಿಯಲ್ಲಿ ಮಾತ್ರ ರೂಫಸ್ ವೇನ್‌ರೈಟ್ ಹಾಡಿದ್ದಾರೆ. 2008ರ ಕ್ರಿಸ್ಮಸ್‌ಗೆ ಬ್ರಿಟನ್‌ನಲ್ಲಿ ಅಲೆಕ್ಸಾಂಡ್ರಾ ಬರ್ಕ್ ಹಾಡಿದ್ದು ಒಂದನೇ ನಂಬರ್, ಬಕ್ಲಿಯದ್ದು ಎರಡನೇ ನಂಬರ್. ಒಂದೇ ಹಾಡು!

ಗಿಟಾರ್‌ಗೆ ಬಕ್ಲಿ ದಾರಿಯೇ ಹಿಡೀಲಿ. ಅವ್ರು ಐದನೇ ಫ್ರೆಟ್‌ಗೆ (ಗಿಟಾರ್ ಕತ್ತಿನ ಅಡ್ಡ ಪಟ್ಟಿ) ಕೇಪೊ, ಅಂದ್ರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಕ್ಲಿಪ್, ಹಾಕಿ ಜಿ ಶೇಪಲ್ಲಿ (ಜಿ ಶ್ರುತಿಗೆ ಬೆರಳಿಡುವ ಹಾಗೇ) ಬಾರಿಸ್ತಾರೆ. ಕಾರ್ಡ್ಸ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಜಿ, ಇ ಮೈನರ್, ಸಿ, ಡಿ, ಮತ್ತೆ ಒಂದೇ ಒಂದು ಕಡೆ ಬಿ ಸೆವೆನ್, ಅಷ್ಟೇ. ಮೊದಲ ಚರಣದಲ್ಲಿ ಒಂದು ಚಂದ ಉಂಟು ನೋಡಿ, ನಾಲ್ಕನೇದು ಅಂತ ಹಾಡುವಾಗ ಬೆರಳು ಸಿ ಕಾರ್ಡ್‌ಗೆ ಹೋಗ್ತದೆ, ಅದು ಜಿಯಿಂದ ಎಣಿಸಿದ್ರೆ ನಾಲ್ಕನೇದೇ, ಐದನೇದು ಅನ್ನುವಾಗ ಡಿ, ಮೈನರ್ ಅನ್ನುವಾಗ ಇ ಮೈನರ್, ಮೇಜರ್ ಅನ್ನುವಾಗ ವಾಪಸ್ ಸಿ. ಸಾಹಿತ್ಯದಲ್ಲೇ ಕಾರ್ಡ್ ಹೇಳಿ ಕೊಟ್ಟಿದ್ದಾರೆ ಪುಣ್ಯಾತ್ಮ. ತಮ್ಮನಿಗೆ ಇದನ್ನು ತೋರಿಸಿ, ಒಂದು ಸಲ ಗೊತ್ತಾದ್ರೆ ಮತ್ತೆ ಮರೀಲಿಕ್ಕಿಲ್ಲ.

ಎಣಿಕೆ ಆರರದ್ದು, ದಾದರಾ ತಾಳದ ಹಾಗೆ, ಒಂದು ಮತ್ತು ನಾಲ್ಕಕ್ಕೆ ತೂಕ. ಒಂದಕ್ಕೆ ಹೆಬ್ಬೆರಳಲ್ಲಿ ದಪ್ಪ ತಂತಿ, ಉಳಿದ ಐದಕ್ಕೆ ಬಾಕಿ ಬೆರಳು ಒಂದೊಂದೇ ತಂತಿ. ನಮ್ಮ ಕುಣಿತದ ಹಾಡು ಬೈಲಾ ಕೂಡ ಆರರದ್ದೇ ಆದ ಕಾರಣ ಬೈಲಾ ಬಾರಿಸಿ ಅಭ್ಯಾಸ ಇದ್ದ ಕೈ ಗೊತ್ತಿಲ್ಲದೆ ಸ್ಪೀಡ್ ಮಾಡ್ತದೆ, ಮೊಬೈಲಲ್ಲಿ ಮೆಟ್ರೊನೋಮ್ (ಟಿಕ್ ಟಿಕ್ ಅಂತ ಲಯ ಹೇಳುವ ಆ್ಯಪ್) ಹಾಕಿಯೇ ಪ್ರಾಕ್ಟೀಸ್ ಮಾಡ್ಲಿ.

ಶ್ರುತಿ ವಿಷಯದಲ್ಲಿ ದಯವಿಟ್ಟು ರೆಕಾರ್ಡಿಂಗ್ ನೋಡಿ ಹೋಗ್ಬೇಡಿ. ಹಾಡಿನ ಅತಿ ಎತ್ತರದ ಜಾಗ ಹಲ್ಲೆಲೂಯಾ ಅಂತ ಮತ್ತೆ ಮತ್ತೆ ಬರುವ ಕೋರಸ್ ಅಲ್ಲ, ಅದಕ್ಕಿಂತ ಮುಂಚಿನ ಸಾಲು, ಆ ಬಿ ಸೆವೆನ್ ಬರುವಲ್ಲಿ. ನಾವು ಮಂಗಳೂರಿನ ಬಲ್ಮಠದ ಹತ್ರ ಒಂದು ಮದುವೆಗೆ ಬಾರಿಸಿದ್ದಾಗ ಬಕ್ಲಿ ಹಾಗೇ ಬೇಕು ಅಂತ ಐದಕ್ಕೇ ಕೇಪೊ ಹಾಕಿದ್ದೆ, ತಗ್ಗು ಸ್ವರದ ಹುಡುಗಿ, ಮೊದಲ ಸಾಲುಗಳೆಲ್ಲ ಆರಾಮಾಗಿ ಹಾಡಿದ್ಲು, ಆ ಜಾಗಕ್ಕೆ ಬಂದಾಗ ಸ್ವರ ಒಡೀತು, ಮತ್ತೆ ಪ್ರತಿ ಚರಣಕ್ಕೂ ಅಲ್ಲಿಗೆ ಬಂದಾಗ ಪಾಪ ಮೈಕ್ ದೂರ ಹಿಡ್ಕೊಂಡೇ ಮುಗಿಸಿದ್ಲು. ಅದು ನನ್ನ ತಪ್ಪೇ. ಹಾಗಾಗಿ ಮಗಳಿಗೆ ಆ ಒಂದು ಸಾಲಿನಿಂದಲೇ ಶುರು ಮಾಡಿಸಿ, ಐದಕ್ಕೆ ಕಷ್ಟ ಆದ್ರೆ ಮೂರು, ಅದೂ ಆಗದಿದ್ರೆ ಎರಡು, ಶೇಪ್ ಎಂತದೂ ಬದಲಾಗ್ಲಿಕ್ಕಿಲ್ಲ. ಕೇಪೊ ಫ್ರೆಟ್‌ನ ಹತ್ರವೇ ಕೂರ್ಬೇಕು, ಹಾಕಿದ ಮೇಲೆ ಇನ್ನೊಂದ್ಸಲ ಟ್ಯೂನ್ ಮಾಡ್ಬೇಕು. ಈ ಮಳೆಗೆ ತಂತಿ ತುಕ್ಕು ಹಿಡ್ದಿದ್ರೆ ಒಂದು ವಾರ ಮೊದ್ಲೇ ಬದಲಿಸಿ, ಹೊಸ ತಂತಿ ಎರಡು ಮೂರು ದಿನ ಇಳೀತಾ ಇರ್ತದೆ.

ಇನ್ನು ಇಗರ್ಜಿ. ಹಲ್ಲೆಲೂಯಾ ಅಂದ್ರೆ ದೇವರಿಗೆ ಸ್ತೋತ್ರ, ಆ ಹೆಸರು ನೋಡಿ ಭಕ್ತಿಗೀತೆ ಅಂತ ತುಂಬ ಜನ ತಿಳ್ಕೊಂಡಿದ್ದಾರೆ, ಆದ್ರೆ ಒಳಗಿರೋದು ಮಾಳಿಗೆಯಿಂದ ಸ್ನಾನ ಮಾಡುವ ಹೆಂಗಸನ್ನು ನೋಡಿದ ಬೈಬಲ್‌ನ ರಾಜ ದಾವೀದ, ಹೆಂಗಸಿನಿಂದಾಗಿ ಕೂದಲು ಕಳ್ಕೊಂಡ ಬಲಶಾಲಿ ಸಂಸೋನ, ಮುರಿದು ಹೋದ ಪ್ರೀತಿ. ಇಗರ್ಜಿಯ ಬಲಿಪೂಜೆಗೆ ಬೇಡ ಅಕ್ಕ. ರೆಸೆಪ್ಷನ್‌ಗೂ ಬಕ್ಲಿಯ ಐದು ಚರಣ ಬೇಡ, ಅದು ಮುಗಿಯೋದೇ ದುಃಖದಲ್ಲಿ, ಹಾಗೂ ಸುಮಾರು ಏಳು ನಿಮಿಷ ಆಗ್ತದೆ. ಕೊಹೆನ್‌ನ ನಾಲ್ಕರಲ್ಲಿ ಎರಡನೇದು, ಆ ದಾವೀದ ಸಂಸೋನರದ್ದು, ಬಿಟ್ಟು ಒಂದು, ಮೂರು, ನಾಲ್ಕು ಹಾಡಿಸಿ. ಆ ನಾಲ್ಕನೇದು, ನನ್ನಿಂದ ಆದಷ್ಟು ಮಾಡಿದೆ, ಎಲ್ಲ ತಪ್ಪಿದ್ರೂ ದೇವರ ಮುಂದೆ ಇದೊಂದೇ ಮಾತು ಬಾಯಲ್ಲಿ ಅನ್ನುವ ಚರಣ, ಕೇಲ್, ಬಕ್ಲಿ ಇಬ್ರೂ ಬಿಟ್ಟದ್ದು. ನನಗೆ ಇಡೀ ಹಾಡಲ್ಲಿ ಅದೇ ದೊಡ್ಡದು, ಮದುವೆ ಮನೆಗೆ ಹೇಳಿ ಮಾಡಿಸಿದ ಹಾಗೆ ಉಂಟು.

ಹೆಣ್ಣು ಸ್ವರದಲ್ಲಿ ಉಸಿರು ಎಲ್ಲಿ ತಗೊಳ್ಳೋದು ಅಂತ ಕಲೀಲಿಕ್ಕೆ ಕೆನಡಾದ ಗಾಯಕಿ ಕೆ.ಡಿ. ಲ್ಯಾಂಗ್ 2010ರ ವ್ಯಾಂಕೂವರ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಹಾಡಿದ್ದನ್ನು ಕೇಳಿಸಿ. ಕೇಪೊ ಎಷ್ಟಕ್ಕೆ ಸರಿ ಬಂತು ಅಂತ ಇಲ್ಲೇ ಹಾಕಿ, ಆ ಶ್ರುತಿಗೆ ಗಿಟಾರ್ ಮಾತ್ರ ರೆಕಾರ್ಡ್ ಮಾಡಿ ಕಳಿಸ್ತೇನೆ, ತಮ್ಮ ಇಲ್ಲದ ದಿನ ಅವಳು ಅದಕ್ಕೆ ಹಾಡಿ ಪ್ರಾಕ್ಟೀಸ್ ಮಾಡ್ಲಿ.