ಕೇಳಿದ್ದು, ಹೇಳಿದ್ದು: ಹೊಟ್ಟೆ, ಭೇದಿ ಮತ್ತು ಬ್ಯಾಕ್ಟೀರಿಯಾ

ಮೈಕ್ರೋಬಯಾಲಜಿಯಲ್ಲಿ ಎಂಎಸ್ಸಿ ಮುಗಿಸ್ತಾ ಇದ್ದೇನೆ. ಭೇದಿ ತರುವ ಬ್ಯಾಕ್ಟೀರಿಯಾ ಮೇಲೆ ಪಿಎಚ್‌ಡಿ ಮಾಡುವ ಆಸೆ. ಮನೆಯಲ್ಲಿ "ಇಷ್ಟು ಓದಿ ಮಲ ಪರೀಕ್ಷೆ ಮಾಡೋಕಾ?" ಅಂತ ನಗುತ್ತಾರೆ. ಜೀವನಪೂರ್ತಿ ಮಾಡುವಷ್ಟು ಕೆಲಸ ಇದರಲ್ಲಿ ಇದೆಯಾ ಸರ್?
– ವಿದ್ಯಾರ್ಥಿನಿ, ತೀರ್ಥಹಳ್ಳಿ

ನಗಲಿ ಬಿಡಿ. ಅವರಿಗೆ ಶಂಭುನಾಥ್ ಡೇ ಅವರ ವಿಷಯ ಹೇಳಿ. ಕೋಲ್ಕತಾದ ಡಾಕ್ಟರು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ 1884ರಲ್ಲೇ ಅದೇ ಊರಲ್ಲಿ ಕಾಲರಾ ಬ್ಯಾಕ್ಟೀರಿಯಾ ಬೆಳೆಸಿ ತೋರಿಸಿದ್ದರು. ಆದರೆ ಕಣ್ಣಿಗೆ ಕಾಣದ ಅದು ಮನುಷ್ಯನ ಮೈಯಲ್ಲಿರುವ ನೀರನ್ನೆಲ್ಲ ಹೇಗೆ ಹೊರಗೆ ಹರಿಸುತ್ತೆ ಅನ್ನೋದು ಆಮೇಲೂ ಎಷ್ಟೋ ವರ್ಷ ಸರಿಯಾಗಿ ಗೊತ್ತಾಗಲಿಲ್ಲ. ಡೇ ಅವರು ಮೊಲದ ಸಣ್ಣ ಕರುಳನ್ನು ಎರಡು ಕಡೆ ದಾರದಿಂದ ಬಿಗಿದು, ನಡುವಿನ ಭಾಗಕ್ಕೆ ಬ್ಯಾಕ್ಟೀರಿಯಾ ಚುಚ್ಚಿದರು. ಮಾರನೇ ದಿನ ನೋಡಿದರೆ ಅಷ್ಟು ಭಾಗ ನೀರು ತುಂಬಿ ಊದಿಕೊಂಡಿತ್ತು. ಇದು 1953ರ ಮಾತು. ಆಮೇಲೆ ಇನ್ನೂ ಒಳ್ಳೆಯ ಪ್ರಶ್ನೆ ಹಾಕಿಕೊಂಡರು. ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಒಂದೂ ಬ್ಯಾಕ್ಟೀರಿಯಾ ಉಳಿಯದ ಹಾಗೆ ಮಾಡಿ, ಬರೀ ಆ ದ್ರವ ಚುಚ್ಚಿದರು. ಆಗಲೂ ಕರುಳು ಊದಿತು! ಅಂದರೆ ನೀರು ಎಳೆಯೋದು ಬ್ಯಾಕ್ಟೀರಿಯಾ ಬಿಡುವ ವಿಷ. 1959ರಲ್ಲಿ 'ನೇಚರ್' ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಇದು ಪ್ರಕಟವಾಯ್ತು. ನಮ್ಮೆಲ್ಲರ ಹೊಟ್ಟೆಯಲ್ಲೂ ಇರುವ ಇ. ಕೊಲೈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಭೇದಿ ತರುತ್ತವೆ ಅನ್ನೋದನ್ನೂ ಅವರು ಇದೇ ವಿಧಾನದಲ್ಲಿ ಪರೀಕ್ಷಿಸಿದರು. ಅವರು ಬದುಕಿದ್ದಾಗ ನಮ್ಮ ದೇಶ ಒಂದು ದೊಡ್ಡ ಪ್ರಶಸ್ತಿಯನ್ನೂ ಕೊಡಲಿಲ್ಲ. 1978ರಲ್ಲಿ ನೊಬೆಲ್ ಸಂಸ್ಥೆಯವರೇ ಕಾಲರಾ ಕುರಿತ ಸಭೆಗೆ ಕರೆಸಿಕೊಂಡರು. 1985ರಲ್ಲಿ ತೀರಿಕೊಂಡರು. ನಮ್ಮವರನ್ನು ನಾವೇ ಗುರುತಿಸೋಕೆ ಯಾಕಿಷ್ಟು ಜಿಪುಣತನವೋ!

ದಿನದ ಕೆಲಸ ಮಾತ್ರ ಬೇಜಾರಿನದ್ದೇ. ಸ್ಯಾಂಪಲ್ಲನ್ನು ಮ್ಯಾಕ್‌ಕಾಂಕಿ ಪ್ಲೇಟಿನ (ಬ್ಯಾಕ್ಟೀರಿಯಾ ಬೆಳೆಸುವ ಆಹಾರ ತುಂಬಿದ ತಟ್ಟೆ) ಮೇಲೆ ಗೀರಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಇ. ಕೊಲೈ ಗುಲಾಬಿ ಚುಕ್ಕೆಗಳಾಗಿ ಏಳುತ್ತೆ, ರೋಗ ತರುವ ಸಾಲ್ಮೊನೆಲ್ಲಾ, ಶಿಗೆಲ್ಲಾ ಬ್ಯಾಕ್ಟೀರಿಯಾಗಳು ಬಣ್ಣವಿಲ್ಲದೆ ಬರುತ್ತವೆ. ಆಮೇಲೆ ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡೋಕೆ ಬೇರೊಂದು ಪ್ಲೇಟಲ್ಲಿ ಬ್ಯಾಕ್ಟೀರಿಯಾ ಹರಡಿ, ಮೇಲೆ ಔಷಧಿ ಸವರಿದ ಪುಟ್ಟ ಬಿಲ್ಲೆಗಳನ್ನಿಟ್ಟು, ಸುತ್ತ ಎಷ್ಟು ಮಿಲಿಮೀಟರ್ ಖಾಲಿ ಜಾಗ ಬಿಟ್ಟಿದೆ ಅಂತ ಸ್ಕೇಲ್ ಹಿಡಿದು ಅಳೆಯಬೇಕು. ವರ್ಷಗಟ್ಟಲೆ ಇದೇ. ಬಿಲ್ಲೆಯ ಬುಡದ ತನಕ ಬ್ಯಾಕ್ಟೀರಿಯಾ ಬೆಳೆದು ನಿಂತಿದ್ದು ಕಂಡಾಗ "ಅಯ್ಯೋ, ಇದಕ್ಕೂ ಬಗ್ಗಲ್ವಾ?" ಅನ್ನಿಸುತ್ತಲ್ಲ, ಸಂಶೋಧನೆ ಶುರುವಾಗೋದು ಅಲ್ಲಿಂದ.

ದುಡ್ಡಿನ ವಿಷಯ: ನೆಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಆಮೇಲಿನ ಕಾಯಂ ಕೆಲಸ ಸುಲಭಕ್ಕೆ ಸಿಗಲ್ಲ, ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ.

ಭೇದಿಯಾದಾಗಲೆಲ್ಲ ಮೆಡಿಕಲ್ ಶಾಪಿಂದ ಒಂದೆರಡು ಮಾತ್ರೆ ತಂದು ನುಂಗ್ತಿದ್ದೆ, ಕಡಿಮೆ ಆಗ್ತಿತ್ತು. ಈಗ ಅದೇ ಮಾತ್ರೆ ನಾಟೋದೇ ಇಲ್ಲ. ಮೈ ಒಗ್ಗಿಹೋಯ್ತಾ?
– ಅಡಿಕೆ ಬೆಳೆಗಾರರು, ಸಾಗರ

ಮೈ ಒಗ್ಗಿಲ್ಲ ಸ್ವಾಮಿ, ಬ್ಯಾಕ್ಟೀರಿಯಾ ಒಗ್ಗಿಕೊಂಡಿದೆ. ಅದೂ ಒಂದೇ ಅಲ್ಲ. 1950ರ ದಶಕದಲ್ಲಿ ಜಪಾನಿನ ಆಮಶಂಕೆ ರೋಗಿಗಳಲ್ಲಿ ನಾಲ್ಕು ಔಷಧಿಗಳಿಗೂ ಒಟ್ಟಿಗೆ ಬಗ್ಗದ ಶಿಗೆಲ್ಲಾ ಕಾಣಿಸಿಕೊಂಡಿತು. ವಿಜ್ಞಾನಿಗಳು ಹುಡುಕಿದಾಗ ಗೊತ್ತಾಗಿದ್ದೇನು ಅಂದರೆ, ಔಷಧಿ ತಡೆಯುವ ಗುಣವನ್ನು ಇ. ಕೊಲೈ ಮತ್ತು ಶಿಗೆಲ್ಲಾ ಪರಸ್ಪರ ದಾಟಿಸಬಲ್ಲವು. ಪ್ಲಾಸ್ಮಿಡ್ ಅನ್ನೋ ಡಿಎನ್‌ಎ ಉಂಗುರದ ಮೂಲಕ. ಹಾಗಾಗಿ ನೀವು ನುಂಗಿದ ಮಾತ್ರೆಗೆ ಪಳಗಿದ್ದು ರೋಗದ ಬ್ಯಾಕ್ಟೀರಿಯಾನೇ ಆಗಬೇಕಿಲ್ಲ, ನಿಮ್ಮ ಹೊಟ್ಟೆಯ ಪಾಪದ ಇ. ಕೊಲೈ ಪಳಗಿ ಮುಂದೆ ಬರುವ ರೋಗಾಣುವಿಗೆ ಅದನ್ನು ಕೊಡಬಹುದು. ಬಹಳಷ್ಟು ಭೇದಿಗೆ ಆ್ಯಂಟಿಬಯಾಟಿಕ್ ಬೇಕಾಗಿಯೇ ಇಲ್ಲ, ಓಆರ್‌ಎಸ್ ಸಾಕು. ರಕ್ತ ಬಿದ್ದರೆ, ಜ್ವರ ಜಾಸ್ತಿಯಾದರೆ ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೇಳಲೇಬೇಡಿ.

ಮಂಗನ ಕಾಯಿಲೆಗೆ ಆ್ಯಂಟಿಬಯಾಟಿಕ್ ಆಗುತ್ತಾ?
– ಓದುಗರು, ಸೊರಬ

ಇಲ್ಲ. 1957ರಲ್ಲಿ ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಲ್ಲೇ ಮೊದಲು ಪತ್ತೆಯಾದ ಅದು ವೈರಸ್ಸು, ಉಣುಗಿನಿಂದ ಬರುತ್ತೆ. ಆ್ಯಂಟಿಬಯಾಟಿಕ್ ಕೊಲ್ಲೋದು ಬ್ಯಾಕ್ಟೀರಿಯಾ ಮಾತ್ರ. ಜ್ವರ ಬಂದರೆ ಕಾಡಿಗೆ ಹೋಗಿ ಬಂದ ವಿಷಯ ಡಾಕ್ಟರಿಗೆ ಮೊದಲೇ ಹೇಳಿ, ರಕ್ತ ಪರೀಕ್ಷೆ ಮಾಡಿಸ್ತಾರೆ.